ದೊಡ್ಡಪ್ಪನ ಟ್ರಂಕು ತೆಗೆಯಿರಿ

ಪ್ರಶ್ನೆ: ನಮ್ಮ ದೊಡ್ಡಪ್ಪ ಹ್ಯಾಮ್ ಆಗಿದ್ದರು, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ದೂರದವರ ಜೊತೆ ಸಂಪರ್ಕ ಮಾಡುವವರು. ಅಡಿಕೆ ಮರಗಳಿಗೆ ತಂತಿ ಕಟ್ಟಿ ರಾತ್ರಿಯೆಲ್ಲ ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಕುಟ್ಟುತ್ತಿದ್ದರು. ಅವರ ನೆನಪಿಗೆ ಊರ ಲೈಬ್ರರಿಯಲ್ಲಿ ಫೋಟೋ ಹಾಕಿದರೆ ಸಾಕಾ?
– ಓದುಗರೊಬ್ಬರು, ಸಾಗರ

ಉತ್ತರ: ಫೋಟೋ ಹಾಕಿ, ಬೇಡ ಅನ್ನಲ್ಲ. ಆದರೆ ಮೊದಲು ಅಟ್ಟದ ಟ್ರಂಕು ಇಳಿಸಿ. ಅದರಲ್ಲಿ ಕ್ಯೂಎಸ್ಎಲ್ ಕಾರ್ಡುಗಳು ಇರಬಹುದು. ‘ನಿಮ್ಮ ಜೊತೆ ಮಾತಾಡಿದ್ದು ನಿಜ’ ಅಂತ ದೂರದ ಹ್ಯಾಮ್‌ಗಳು ಕಳಿಸುವ ಕಾರ್ಡು ಅವು. ಕಾಲ್‌ಸೈನ್ (ಪ್ರತಿ ಹ್ಯಾಮ್‌ಗೂ ಲೈಸೆನ್ಸ್ ಜೊತೆ ಸಿಗುವ ಗುರುತಿನ ಅಕ್ಷರ-ಅಂಕಿ), ತಾರೀಕು, ಫ್ರೀಕ್ವೆನ್ಸಿ ಎಲ್ಲ ಅದರಲ್ಲೇ ಇರುತ್ತದೆ. ಸಮಯ ಮಾತ್ರ ಸಾಮಾನ್ಯವಾಗಿ ಗ್ರೀನ್‌ವಿಚ್‌ದು, ಐದೂವರೆ ಗಂಟೆ ಕೂಡಿಸಿಕೊಳ್ಳಿ. ನಮ್ಮ ಮಳೆಗಾಲಕ್ಕೆ ಕಾರ್ಡುಗಳು ಅಂಟಿಕೊಂಡಿದ್ದರೆ ಎಳೆಯಬೇಡಿ. ನೆರಳಲ್ಲಿ ಆರಲು ಬಿಟ್ಟು, ನಿಧಾನಕ್ಕೆ ಬಿಡಿಸಿ, ಎರಡೂ ಬದಿ ಸ್ಕ್ಯಾನ್ ಮಾಡಿಸಿ.

ಗೋಡೆಯಲ್ಲಿ ಜಾಗ ಉಳಿದರೆ ಎಂ.ವಿ. ಗೋಪಾಲಸ್ವಾಮಿ ಅವರಿಗೂ ಕೊಡಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದವರು ಅವರು. ಸೈಕಾಲಜಿ ಮೇಷ್ಟ್ರು, ನೋಡಿ! ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿದ ಹಳೇ ರೇಡಿಯೋ ಒಂದನ್ನೂ ಪಕ್ಕದಲ್ಲಿಡಿ.

ಫೋಟೋ ಕೆಳಗೆ ಹೆಸರಿಗಿಂತ ದೊಡ್ಡದಾಗಿ ಕಾಲ್‌ಸೈನ್ ಬರೆಸಿ. ಉದ್ಘಾಟನೆಗೆ ಸುಮ್ನೆ ಭಾಷಣದವರನ್ನು ಕರೆಯಬೇಡಿ. ಲೈಸೆನ್ಸ್ ಇರುವ ಹ್ಯಾಮ್ ಒಬ್ಬರು ಬಂದು ಮಕ್ಕಳೆದುರು ಸೆಟ್ ಹಚ್ಚಲಿ. ದೊಡ್ಡಪ್ಪನ ಕಾಲ್‌ಸೈನ್‌ನಲ್ಲಿ ನೀವೇ ಮಾತಾಡಲು ಹೋಗಬೇಡಿ, ಕಾನೂನು ಒಪ್ಪಲ್ಲ.