ಜನವರಿಗೆ ಬೇಡ, ಏಪ್ರಿಲ್‌ಗೆ ಬನ್ನಿ

ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಕೆನಡಾದಲ್ಲಿ ಕಾಯಂ ನೆಲೆಸುವ ಅನುಮತಿ, ಅಂದರೆ ಪಿಆರ್ ಬಂದಿದೆ, ಯಜಮಾನರಿಗೆ ಇಲ್ಲಿ ಕ್ಯಾಲ್ಗರಿಯಲ್ಲಿ ಕೆಲಸ ಸಿಕ್ಕಿದೆ, ಜನವರಿ ಮೊದಲ ವಾರ ಸೇರಬೇಕು. ನೀವು ಶಿವಮೊಗ್ಗದ ಶಾಲೆಯೊಂದರಲ್ಲಿ ಟೀಚರ್. ದೊಡ್ಡವನಿಗೆ ಐದು, ಚಿಕ್ಕವಳಿಗೆ ಎರಡು. ಕ್ಯಾಲ್ಗರಿಯ ಉತ್ತರದ ತುದಿಯಲ್ಲಿ ಹೊಸ ಬಡಾವಣೆಯ ಮನೆಯೊಂದನ್ನು ವಿಡಿಯೋದಲ್ಲಿ ನೋಡಿದ್ದೀರಿ. ಬಾಡಿಗೆ ಕಡಿಮೆ, ಅಡ್ವಾನ್ಸ್ ಕಳಿಸಿ ಅನ್ನುತ್ತಿದ್ದಾರೆ. "ಊರು ಬೆಳೀತಾ ಇದೆ ಅಂತಾರೆ, ಮಕ್ಕಳಿಗೆ ಒಳ್ಳೇದಾ ಅಕ್ಕಾ? ನಾಲ್ಕೂ ಜನ ಒಟ್ಟಿಗೇ ಬಂದುಬಿಡೋದಾ?" ಮುಖ್ಯವಾಗಿ ಕೇಳಿದ್ದು ಇದೇ ತಾನೇ?

ಊರು ಒಳ್ಳೆಯದೇ. ಬನ್ನಿ. ಆದರೆ ನೀವೂ ಮಕ್ಕಳೂ ಜನವರಿಗೆ ಬರಬೇಡಿ. ಆ ಮನೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಯಾಕೆ ಅಂತ ಹೇಳುತ್ತೇನೆ. ನಾವು ಅರಸೀಕೆರೆ ಕಡೆಯವರು. ಇಲ್ಲಿಗೆ ಬಂದದ್ದು 2013ರ ನವೆಂಬರ್‌ನಲ್ಲಿ, ಮಗನಿಗೆ ಆಗ ನಾಲ್ಕು. ನಿಮ್ಮ ಹಾಗೇ ಬಾಡಿಗೆ ಕಡಿಮೆ ಅಂತ ಊರಿನ ತುದಿಯಲ್ಲಿ ಮನೆ ಹಿಡಿದೆವು. ಚೆಂದದ ಮನೆ. ಹೊಸ ಬಣ್ಣದ ವಾಸನೆ, ಮೂರು ರೂಮು, ಎದುರಿಗೆ ಇನ್ನೂ ಕಟ್ಟುತ್ತಿದ್ದ ಮನೆಗಳ ಮರದ ಚೌಕಟ್ಟು. ಕಾರು ಒಂದೇ. ಬೆಳಗ್ಗೆ ಏಳಕ್ಕೆ ಯಜಮಾನರು ತೆಗೆದುಕೊಂಡು ಹೋದರೆ ವಾಪಸ್ಸು ಸಂಜೆ ಆರಕ್ಕೆ. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಬಸ್ ಸ್ಟಾಪಿಗೆ ಹನ್ನೆರಡು ನಿಮಿಷ ನಡಿಗೆ, ಬಸ್ಸು ಅರ್ಧ ಗಂಟೆಗೊಂದು. ಮೈನಸ್ 25ರಲ್ಲಿ ಮಗು ಕಟ್ಟಿಕೊಂಡು ಅಲ್ಲಿ ನಿಲ್ಲೋದಕ್ಕೆ ಆಗುತ್ತಾ?

ಮಗುವನ್ನು ಹೊರಡಿಸೋದೇ ಒಂದು ಮದುವಣಗಿತ್ತಿ ಅಲಂಕಾರ. ಒಳಗೆ ಥರ್ಮಲ್, ಅದರ ಮೇಲೆ ಪ್ಯಾಂಟು, ಸ್ವೆಟರು. ಅದರ ಮೇಲೆ ಸ್ನೋ ಪ್ಯಾಂಟು, ಜಾಕೆಟ್ಟು. ಕುತ್ತಿಗೆಗೆ ಒಂದು, ತಲೆಗೆ ಒಂದು, ಬೂಟು, ಕೊನೆಗೆ ಕೈಗವಸು. ಆ ಹೆಬ್ಬೆರಳು ತನ್ನ ಜಾಗಕ್ಕೆ ಹೋದರೆ ಕೇಳಿ! ಹದಿನೈದು ನಿಮಿಷ ಬೆವರು ಸುರಿಸಿ ಬಾಗಿಲು ತೆಗೆದರೆ "ಅಮ್ಮಾ, ಉಚ್ಚೆ" ಅನ್ನುತ್ತಾನೆ. ಎಲ್ಲ ಬಿಚ್ಚಬೇಕು. ಒಂದು ದಿನ ಹೀಗೆ ಮೂರನೇ ಸಲ ಬಿಚ್ಚಿದ ಮೇಲೆ ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆ ದಿನ ಹೊರಗೆ ಹೋಗಲೇ ಇಲ್ಲ. ಆ ವಾರವೇ ಹೋಗಲಿಲ್ಲ ಅನ್ನಿ.

ಕೆಲಸಕ್ಕೆ ಬರುವವರಿಗೆ ಆಫೀಸಿದೆ, ಜೊತೆಗಾರರಿದ್ದಾರೆ, ಕಾಫಿ ಇದೆ. ಮನೆಯಲ್ಲಿ ಉಳಿಯುವವರಿಗೆ ಏನಿದೆ? ಊರು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಚಳಿಗಾಲ ಮನೆಯೊಳಗೆ ಯಾರು ಕೂರುತ್ತಾರೆ ಅಂತ ಯಾರೂ ಕೇಳೋದಿಲ್ಲ. ನಿಮ್ಮ ಮನೆಯಲ್ಲಿ ಅದು ನೀವೇ, ಅಲ್ವಾ?

ಇನ್ನು ಈ 'ಬೆಳೆಯುವ ಊರು' ವಿಷಯ. 2001ರ ಜನಗಣತಿಯಲ್ಲಿ ಇಲ್ಲಿ ಇದ್ದವರು ಸುಮಾರು 8.8 ಲಕ್ಷ. 2021ಕ್ಕೆ 13 ಲಕ್ಷ ದಾಟಿತು. 2022ರಲ್ಲಿ ನಮ್ಮ ಪ್ರಾಂತ್ಯ ಆಲ್ಬರ್ಟಾದ ಸರ್ಕಾರವೇ ಟೊರೊಂಟೊ, ವ್ಯಾಂಕೂವರ್‌ಗಳಲ್ಲಿ ಜಾಹೀರಾತು ಹಾಕಿ "ಇಲ್ಲಿಗೆ ಬನ್ನಿ, ಮನೆ ಅಗ್ಗ, ಕೆಲಸ ಇದೆ" ಅಂತ ಕರೆಯಿತು. ಜನ ಬಂದರು, ಮನೆ ಅಗ್ಗವಾಗಿ ಉಳಿಯಲಿಲ್ಲ. ಊರು ನಾಲ್ಕೂ ದಿಕ್ಕಿಗೆ ಹರಡಿತು. ಬೆಂಗಳೂರಲ್ಲಿ ಮೊದಲು ಮನೆ ಏಳುತ್ತೆ, ಕಾವೇರಿ ನೀರು ಎಷ್ಟೋ ವರ್ಷ ಆದಮೇಲೆ ಬರುತ್ತಲ್ಲ, ಇಲ್ಲಿ ಶಾಲೆ ಹಾಗೆ. ನೀರು, ಕರೆಂಟು, ರಸ್ತೆ ಎಲ್ಲ ಮೊದಲ ದಿನವೇ ಇರುತ್ತೆ. ಶಾಲೆಗೆ ಜಾಗ ಬಿಟ್ಟಿರುತ್ತಾರೆ, ಕಟ್ಟಡ ಇರೋದಿಲ್ಲ.

ಸರ್ಕಾರಿ ಶಾಲೆಗೆ ಫೀಸಿನ ತಲೆಬಿಸಿ ಇಲ್ಲ, ಶಾಲೆಗಳೂ ಚೆನ್ನಾಗಿವೆ. ಆದರೆ ನಿಮ್ಮ ವಿಳಾಸಕ್ಕೆ ಯಾವ ಶಾಲೆ ಅನ್ನೋದನ್ನು ಶಾಲಾ ಮಂಡಳಿಯೇ ಗೊತ್ತು ಮಾಡಿರುತ್ತೆ. ಅದು ತುಂಬಿದ್ದರೆ 'ಓವರ್‌ಫ್ಲೋ' ಅಂತ ಬೇರೆ ಕಡೆಗೆ ಕಳಿಸುತ್ತಾರೆ. ನನ್ನ ಮಗ ಒಂದನೇ ಕ್ಲಾಸಿನಲ್ಲಿ ಹಳದಿ ಬಸ್ಸಲ್ಲಿ ನಲವತ್ತು ನಿಮಿಷ ಹೋಗಿ ಬರುತ್ತಿದ್ದ. ಹೋಗುವಾಗ ನಿದ್ದೆ, ಬರುವಾಗಲೂ ನಿದ್ದೆ. ಹಾಗಾಗಿ ಮನೆ ನೋಡುವ ಮೊದಲು ಆ ವಿಳಾಸವನ್ನು ಶಾಲಾ ಮಂಡಳಿಯ ಜಾಲತಾಣದಲ್ಲಿ ಹಾಕಿ ನೋಡಿ. ರೂಮು ಎಷ್ಟಿದೆ ಅಂತ ಆಮೇಲೆ ನೋಡಬಹುದು.

ನಿಮ್ಮ ದೊಡ್ಡವನ ಲೆಕ್ಕ ಈಗ ಕೇಳಿ. ಡಿಸೆಂಬರ್ 31ರೊಳಗೆ ಐದು ತುಂಬಿದ ಮಕ್ಕಳಿಗೆ ಇಲ್ಲಿ ಕಿಂಡರ್‌ಗಾರ್ಟನ್. ಜನವರಿಗೆ ಬಂದರೆ ಅವನನ್ನು ಅಲ್ಲಿಗೆ ಹಾಕಬೇಕು. ಬಹಳ ಶಾಲೆಗಳಲ್ಲಿ ಅದು ಅರ್ಧ ದಿನ. ಎರಡೂವರೆ, ಮೂರು ಗಂಟೆ ಅಷ್ಟೆ. ಅವನನ್ನು ಬಿಟ್ಟು, ಚಿಕ್ಕವಳ ಬೂಟು ಬಿಚ್ಚಿ, ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮತ್ತೆ ಬೂಟು ಹಾಕಬೇಕು. ಏಪ್ರಿಲ್ ಕೊನೆಗೆ ಬಂದರೆ ಕಿಂಡರ್‌ಗಾರ್ಟನ್ ಮುಗಿಯುತ್ತಾ ಬಂದಿರುತ್ತೆ. ಬೇಕಾದರೆ ಎರಡು ತಿಂಗಳು ಕಳಿಸಿ, ಬೇಡವಾದರೆ ಬಿಡಿ. ಸೆಪ್ಟೆಂಬರ್‌ಗೆ ನೇರ ಒಂದನೇ ಕ್ಲಾಸು, ಪೂರ್ತಿ ದಿನ. ಮೇಯಿಂದ ಆಗಸ್ಟ್‌ವರೆಗೆ ನಿಮಗೆ ಬೆಳಕಿರುತ್ತೆ. ಜೂನ್‌ನಲ್ಲಿ ರಾತ್ರಿ ಹತ್ತಕ್ಕೆ ಸೂರ್ಯ ಮುಳುಗುತ್ತಾನೆ, ಮಕ್ಕಳನ್ನು ಮಲಗಿಸೋದು ಇನ್ನೊಂದು ಕಥೆ. ಪಾರ್ಕು, ಲೈಬ್ರರಿ, ಬಸ್ಸು ಎಲ್ಲ ಕಾಲಿಗೆ ಅಭ್ಯಾಸವಾದ ಮೇಲೆ ಚಳಿ ಬಂದರೆ ಅದು ಬರೀ ಚಳಿ. ಏನೂ ಗೊತ್ತಿಲ್ಲದೆ ಚಳಿಗೆ ಸಿಕ್ಕಿಬಿದ್ದರೆ ಜೈಲು.

ಒಂದು ಎಚ್ಚರಿಕೆ. ನಿಮ್ಮ ಪಿಆರ್ ಕಾಗದದಲ್ಲಿ ಕೊನೆಯ ದಿನಾಂಕ ಇರುತ್ತೆ. ಅದು ನಾಲ್ಕೂ ಜನಕ್ಕೆ ಅನ್ವಯ. ಅರ್ಜಿ ಯಾರ ಹೆಸರಲ್ಲಿದೆಯೋ ಅವರು ಮೊದಲು ಬರಬೇಕು, ಉಳಿದವರು ಆ ದಿನಾಂಕದೊಳಗೆ ಬರಬಹುದು. ಏಪ್ರಿಲ್‌ಗೆ ಮುಂಚೆಯೇ ಅದು ಮುಗಿಯುವುದಾದರೆ ನನ್ನ ಮಾತು ಪಕ್ಕಕ್ಕಿಟ್ಟು ಒಟ್ಟಿಗೇ ಬನ್ನಿ. ಆಗ ಮನೆ ಮಾತ್ರ ತುದಿಯಲ್ಲಿ ಬೇಡ.

ನಾಲ್ಕು ತಿಂಗಳು ಬೇರೆ ಇರೋದು ಸುಲಭ ಅಂತ ಹೇಳುತ್ತಿಲ್ಲ. ಅತ್ತೆಮನೆಯವರು ಏನಾದರೂ ಅನ್ನುತ್ತಾರೆ. ಅನ್ನಲಿ. ಯಜಮಾನರು ಅಷ್ಟರಲ್ಲಿ ಸಾರು ಮಾಡೋಕೆ ಕಲೀಲಿ, ಡ್ರೈವಿಂಗ್ ಟೆಸ್ಟ್ ಪಾಸಾಗಲಿ. ಇಲ್ಲಿ ನೆಲೆಸಲು ಬಂದವರು ನಮ್ಮ ಲೈಸೆನ್ಸಲ್ಲಿ 90 ದಿನ ಮಾತ್ರ ಓಡಿಸಬಹುದು. ಹೊರಡುವ ಮೊದಲು ಆರ್‌ಟಿಒದಲ್ಲಿ ಇಬ್ಬರದೂ ಡಿಎಲ್ ಎಕ್ಸ್‌ಟ್ರಾಕ್ಟ್ (ಲೈಸೆನ್ಸಿನ ದಾಖಲೆಯ ಪ್ರತಿ) ತೆಗೆಸಿಟ್ಟುಕೊಳ್ಳಿ, ನಿಮ್ಮದನ್ನು ಮರೆಯಬೇಡಿ. ಎಷ್ಟು ವರ್ಷದಿಂದ ಓಡಿಸುತ್ತಿದ್ದೀರಿ ಅಂತ ತೋರಿಸೋಕೆ ಅದು ಬೇಕು. ಇಲ್ಲಿನ ಕಾರ್ ಇನ್ಶೂರೆನ್ಸ್ ಕಂತು ನೋಡಿದರೆ ಕಾರಿನ ಬೆಲೆಯೇ ವಾಸಿ ಅನ್ನಿಸುತ್ತೆ.

ಮನೆ ಎಲ್ಲಿ ಅಂದರೆ, ಊರೊಳಗಿನ ರೈಲು ಸಿ-ಟ್ರೇನ್ ಸ್ಟೇಷನ್ನಿಗೆ ನಡೆದು ಹೋಗುವ ಹಾಗಿರಲಿ. ಈಶಾನ್ಯಕ್ಕೆ ಸ್ಯಾಡಲ್‌ಟೌನ್‌ವರೆಗೆ ಟ್ರೇನ್ ಇದೆ. ಆ ಕಡೆ ಪಂಜಾಬಿಗಳು ಜಾಸ್ತಿ, ಕರಿಬೇವು, ಹಸಿಮೆಣಸಿನಕಾಯಿ ಎಲ್ಲ ಸಿಗುತ್ತೆ. ವಾಯವ್ಯಕ್ಕೆ ಟಸ್ಕನಿವರೆಗೆ ಇದೆ, ನಾವೀಗ ಆ ಲೈನಿನ ಹತ್ತಿರ ಇದ್ದೇವೆ. ನೀವು ನೋಡಿದ ಉತ್ತರದ ತುದಿಗೆ ಟ್ರೇನ್ ಇಲ್ಲ. ಹನ್ನೆರಡು ವರ್ಷದವರೆಗೆ ಮಕ್ಕಳಿಗೆ ಟಿಕೆಟ್ಟಿಲ್ಲ. ಪೇಟೆಯಲ್ಲಿ 2018ರಲ್ಲಿ ಶುರುವಾದ ದೊಡ್ಡ ಲೈಬ್ರರಿ ಇದೆ, ಕಾರ್ಡು ಬಿಟ್ಟಿ, ಮಕ್ಕಳಿಗೆ ಆಡೋದಕ್ಕೆ ಬೇರೆಯೇ ಜಾಗ. ಮೈನಸ್ 20ರ ದಿನ ನಿಮ್ಮನ್ನು ಕಾಪಾಡೋದು ಅದೇ. ಹೊಸ ಟೌನ್‌ಹೌಸ್ ಬದಲು ಟ್ರೇನಿನ ಪಕ್ಕ ಹಳೇ ಎರಡು ರೂಮಿನ ಅಪಾರ್ಟ್‌ಮೆಂಟ್ ಸಿಕ್ಕರೆ ಕಣ್ಣು ಮುಚ್ಚಿ ಹಿಡಿಯಿರಿ. ಬೇಸ್‌ಮೆಂಟ್ ಆದರೂ ಪರವಾಗಿಲ್ಲ, ಆದರೆ ಅದು ನಗರಸಭೆಯಲ್ಲಿ ನೋಂದಣಿ ಆಗಿರಬೇಕು. ಆ ಪಟ್ಟಿಯನ್ನು ಅವರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮಲಗುವ ಕೋಣೆಯ ಕಿಟಕಿಯಿಂದ ಒಬ್ಬ ಮನುಷ್ಯ ಹೊರಗೆ ಬರೋಕಾಗುತ್ತಾ ನೋಡಿ. ಬೆಂಕಿ ಬಿದ್ದರೆ ಅದೇ ದಾರಿ.

ದುಡ್ಡು ಕಳಿಸಬೇಡಿ ಅಂದೆನಲ್ಲ. ನಮ್ಮ ಪರಿಚಯದ ಹುಡುಗ ಒಬ್ಬ ಮೈಸೂರಿನಿಂದಲೇ ಎರಡು ತಿಂಗಳ ಬಾಡಿಗೆ ಕಳಿಸಿದ. ಬಂದು ಬಾಗಿಲು ಬಡಿದರೆ ಒಳಗಿದ್ದವರಿಗೆ ಇವನು ಯಾರು ಅಂತಲೇ ಗೊತ್ತಿಲ್ಲ. ಫೋಟೋ ಯಾರದೋ, ದುಡ್ಡು ತಗೊಂಡವನು ಯಾರೋ. ಇಲ್ಲಿನ ಕಾನೂನಿನಲ್ಲಿ ಡೆಪಾಸಿಟ್ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಬಾಡಿಗೆ ಏರಿಸೋದು ವರ್ಷಕ್ಕೊಮ್ಮೆ ಮಾತ್ರ, ಆದರೆ ಎಷ್ಟು ಏರಿಸಬಹುದು ಅನ್ನೋದಕ್ಕೆ ಮಿತಿ ಇಲ್ಲ. ಯಜಮಾನರು ಬಂದು ಒಂದು ತಿಂಗಳು ಎಲ್ಲಾದರೂ ಒಂದು ರೂಮಿನಲ್ಲಿದ್ದು, ಕಣ್ಣಾರೆ ನೋಡಿ ಮನೆ ಹಿಡಿಯಲಿ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಸಾಮಾನಿನ ಮೇಲೆ ಇಲ್ಲಿ 5% ಜಿಎಸ್‌ಟಿ ಮಾತ್ರ, ಪ್ರಾಂತ್ಯದ ತೆರಿಗೆ ಬೇರೆ ಇಲ್ಲ. 2025ರ ಏಪ್ರಿಲ್‌ನಿಂದ ಸರ್ಕಾರದ ನೆರವಿರುವ ಡೇಕೇರ್‌ನಲ್ಲಿ ಪೂರ್ತಿ ದಿನದ ಮಗುವಿಗೆ ತಿಂಗಳಿಗೆ 326.25 ಡಾಲರ್. ಜಾಗ ಸಿಗೋದು ಕಷ್ಟ, ಚಿಕ್ಕವಳ ಹೆಸರನ್ನು ಯಜಮಾನರು ಬಂದ ವಾರವೇ ನಾಲ್ಕು ಕಡೆ ಬರೆಸಲಿ. ಮಕ್ಕಳ ಭತ್ಯೆಗೆ ನೀವು ಬಂದ ತಕ್ಷಣ ಅರ್ಜಿ ಹಾಕಿ, ಆದಾಯದ ಮೇಲೆ ಅದರ ಲೆಕ್ಕ. ಆರೋಗ್ಯ ಕಾರ್ಡಿಗೆ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಬಂದ ದಿನದಿಂದಲೇ ಲೆಕ್ಕಕ್ಕೆ ಬರುತ್ತೆ. ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ನಾವು ಕೊಟ್ಟದ್ದು ಪಾರ್ಕಿಂಗ್ ದುಡ್ಡು ಮಾತ್ರ. ಹಲ್ಲು, ಕನ್ನಡಕ, ಔಷಧಿ ಇದರಲ್ಲಿ ಸೇರೋದಿಲ್ಲ, ಅದಕ್ಕೆ ಆಫೀಸಿನ ವಿಮೆ ಏನು ಕೊಡುತ್ತೆ ಅಂತ ಈಗಲೇ ಕೇಳಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಇದು ಎಣ್ಣೆ ಊರು, ಕಚ್ಚಾ ತೈಲ ನಂಬಿಕೊಂಡಿರೋದು. ಎಣ್ಣೆ ಬೆಲೆ ಏರಿದರೆ ಎಲ್ಲರ ಮುಖದಲ್ಲೂ ಕಳೆ, ಇಳಿದರೆ ಸೂತಕ. 2014ರ ಕೊನೆಗೆ ಇಳಿಯಿತು. ಮುಂದಿನ ವರ್ಷ ದೀಪಾವಳಿಯ ವಾರ ನಮ್ಮ ಯಜಮಾನರು ಮಧ್ಯಾಹ್ನ ಹನ್ನೊಂದೂವರೆಗೆ ಮನೆಗೆ ಬಂದರು, ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಚಹಾ ಲೋಟ, ಮಗನ ಫೋಟೋ, ಆಫೀಸಲ್ಲಿಟ್ಟಿದ್ದ ಚಪ್ಪಲಿ. ಹತ್ತು ತಿಂಗಳು ಕೆಲಸ ಇರಲಿಲ್ಲ, ನಾನು ಬಸುರಿ ಬೇರೆ. 2016ರ ಕೊನೆಗೆ ಊರಿನ ದುಡಿಯುವವರಲ್ಲಿ ನೂರಕ್ಕೆ ಹತ್ತು ಜನ ಕೆಲಸ ಹುಡುಕುತ್ತಿದ್ದರು. ಸರ್ಕಾರದ ನಿರುದ್ಯೋಗ ವಿಮೆ ಸಂಬಳದ 55% ಕೊಡುತ್ತೆ, ಅದಕ್ಕೂ ಒಂದು ಮಿತಿ, ಒಂದು ಅವಧಿ. ನಮ್ಮನ್ನು ಉಳಿಸಿದ್ದು ನನ್ನ ಡೇಕೇರ್ ಕೆಲಸ. ಗಂಟೆಗೆ ಎಷ್ಟು ಅಂತ ಹೇಳೋದಿಲ್ಲ, ನಗುತ್ತೀರಿ.

ಅದಕ್ಕೇ ನೀವು ಬರೆದ "ನಾನು ಒಂದೆರಡು ವರ್ಷ ಮನೇಲೇ ಇರ್ತೀನಿ" ಅನ್ನೋ ಸಾಲು ನನಗೆ ಹಿಡಿಸಲಿಲ್ಲ. ಇಲ್ಲಿ ಶಾಲೆಯಲ್ಲಿ ಪಾಠ ಮಾಡೋಕೆ ಆಲ್ಬರ್ಟಾದ ಟೀಚರ್ ಪ್ರಮಾಣಪತ್ರ ಬೇಕು. ಬಿ.ಎಡ್ ಅಂಕಪಟ್ಟಿಗಳನ್ನು ವಿಶ್ವವಿದ್ಯಾಲಯದಿಂದ ನೇರ ತರಿಸೋ ಕೆಲಸ ಅಲ್ಲಿದ್ದಾಗಲೇ ಶುರು ಮಾಡಿ. ಇಲ್ಲಿಂದ ಮಾಡಿಸೋದು ನರಕ. ಆ ನಾಲ್ಕು ತಿಂಗಳು ಅದಕ್ಕೂ ಆಗುತ್ತೆ. ಅದು ಬರುವವರೆಗೆ ಡೇಕೇರ್‌ಗೆ ಬೇಕಾದ ಲೆವೆಲ್ 1 ಪ್ರಮಾಣಪತ್ರ ಮಾಡಿಕೊಳ್ಳಿ. ಆನ್‌ಲೈನ್ ಕೋರ್ಸು, ಫೀಸಿಲ್ಲ.

ಹವಾಮಾನದ ಒಳ್ಳೆಯ ಸುದ್ದಿಯೂ ಇದೆ. ಚಳಿಗಾಲದಲ್ಲೂ ಇಲ್ಲಿ ಬಿಸಿಲು ಜಾಸ್ತಿ. ನಡುನಡುವೆ ಬೆಟ್ಟದ ಕಡೆಯಿಂದ ಶಿನೂಕ್ ಅಂತ ಬಿಸಿಗಾಳಿ ಬೀಸುತ್ತೆ. ಪಡುವಣದ ಆಕಾಶದಲ್ಲಿ ಮೋಡ ಕಮಾನು ಕಟ್ಟುತ್ತೆ, ಬೆಳಗ್ಗೆ ಮೈನಸ್ 18 ಇದ್ದದ್ದು ಸಂಜೆಗೆ ಪ್ಲಸ್ 6. ಮಕ್ಕಳಿಗೆ ಹಬ್ಬ, ನನಗೆ ತಲೆನೋವು. ಒಣ ಹವೆಗೆ ಮೊದಲ ತಿಂಗಳು ಮಕ್ಕಳ ಮೂಗಲ್ಲಿ ರಕ್ತ ಬಂದರೆ ಗಾಬರಿಯಾಗಬೇಡಿ, ಕೋಣೆಯಲ್ಲಿ ಹ್ಯುಮಿಡಿಫೈಯರ್ ಇಡಿ. 2024ರ ಜನವರಿಯಲ್ಲಿ ಮೈನಸ್ 35ರ ಹತ್ತಿರ ಹೋಗಿತ್ತು. ಒಂದು ಶನಿವಾರ ಸಂಜೆ ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡವು, ಕರೆಂಟು ಕಡಿಮೆ ಬಳಸಿ ಅಂತ. ದೀಪ ಆರಿಸಿ, ಕಂಬಳಿ ಹೊದ್ದು, ಮಕ್ಕಳಿಗೆ ಕಥೆ ಹೇಳಿದೆ. ಅಂಥ ಜನವರಿಗೆ ಎರಡು ವರ್ಷದ ಕೂಸನ್ನು ಶಿವಮೊಗ್ಗದಿಂದ ನೇರ ತಂದು ಇಳಿಸೋದು ಬೇಡ ಅಂತಲೇ ಇಷ್ಟುದ್ದ ಬರೆದದ್ದು.

ಅಮ್ಮನನ್ನು ಕರೆಸಿಕೊಳ್ಳುವ ಬಗ್ಗೆ ಕೇಳಿದ್ದೀರಿ. ಅಪ್ಪ ಅಮ್ಮಂದಿರಿಗೆ ಕೊಡುವ ಸೂಪರ್ ವೀಸಾ ಸಿಕ್ಕರೆ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು, ಅದಕ್ಕೆ ಯಜಮಾನರ ಆದಾಯ ತೋರಿಸಬೇಕು, ಆರೋಗ್ಯ ವಿಮೆ ಕೊಳ್ಳಬೇಕು. ನಮ್ಮಮ್ಮ ಬಾಣಂತನಕ್ಕೆ ಬಂದವರು ಇಡೀ ದಿನ ಕಿಟಕಿಯಲ್ಲಿ ನಿಂತು "ಈ ಊರಲ್ಲಿ ಜನಾನೇ ಇಲ್ವಲ್ಲೇ" ಅನ್ನುತ್ತಿದ್ದರು. ಮೂರನೇ ತಿಂಗಳಿಗೆ ಎದುರು ಮನೆಯ ಪಂಜಾಬಿ ಅಜ್ಜಿ ಜೊತೆ ಪಾರ್ಕಿಗೆ ಹೊರಟರು. ಇವರಿಗೆ ಹಿಂದಿ ಬರೋದಿಲ್ಲ, ಅವರಿಗೆ ಕನ್ನಡ ಬರೋದಿಲ್ಲ. ಏನು ಮಾತಾಡಿಕೊಳ್ಳುತ್ತಿದ್ದರೋ, ಅಮ್ಮ ಇವತ್ತಿಗೂ ಆ ಅಜ್ಜಿಯನ್ನು ವಿಚಾರಿಸುತ್ತಾರೆ.

ಮಕ್ಕಳ ಕನ್ನಡ? ನಮ್ಮ ದೊಡ್ಡವನಿಗೆ ಎಲ್ಲ ಅರ್ಥವಾಗುತ್ತೆ, ಉತ್ತರ ಇಂಗ್ಲಿಷಲ್ಲಿ. ಚಿಕ್ಕವಳು ಅಜ್ಜಿ ಫೋನಿಗೆ ಸಿಕ್ಕಾಗ ಮಾತ್ರ ಮಾತಾಡುತ್ತಾಳೆ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಬೆಳಗ್ಗೆ ಎಂಟು, ಆ ಹೊತ್ತು ಹಿಡಿದುಕೊಳ್ಳಿ. ಇದರಲ್ಲಿ ನಾನು ಗೆದ್ದಿಲ್ಲ, ಸಲಹೆ ಕೊಡುವ ಯೋಗ್ಯತೆ ಇಲ್ಲ.

ಬಟ್ಟೆ ವಿಷಯ. ಬೂಟು, ಜಾಕೆಟ್ಟು ಅಲ್ಲಿಂದ ಕೊಂಡು ತರಬೇಡಿ, ಅಲ್ಲಿಯವು ಇಲ್ಲಿಯ ಚಳಿಗೆ ಆಗೋದಿಲ್ಲ. ಸೂಟ್‌ಕೇಸಿನಲ್ಲಿ ಆ ಜಾಗಕ್ಕೆ ಕುಕ್ಕರ್ ಗ್ಯಾಸ್ಕೆಟ್ಟು, ರಾಗಿಹಿಟ್ಟು ಇಡಿ. ನಮ್ಮ ಬೇಸ್‌ಮೆಂಟಿನಲ್ಲಿ ಎರಡು ಪೆಟ್ಟಿಗೆ ಸ್ನೋ ಪ್ಯಾಂಟುಗಳಿವೆ, ಎರಡು ವರ್ಷದ ಅಳತೆಯಿಂದ ಎಂಟರವರೆಗೆ. ಹರಿದಿಲ್ಲ, ಒಂದರ ಜಿಪ್ ಮಾತ್ರ ಸ್ವಲ್ಪ ಹಿಡಿಯುತ್ತೆ. ನಿಮ್ಮ ದೊಡ್ಡವನ ಪಾದದ ಅಳತೆ ಸೆಂಟಿಮೀಟರಲ್ಲಿ ಬರೆದು ಕಳಿಸಿ, ಬೂಟೂ ಇರಬೇಕು, ನೋಡುತ್ತೇನೆ.