ಮಡಿಕೇರಿಯ ಹಿತ್ತಲಿನಲ್ಲಿ ಬೇ ಲೀಫ್ ಗಿಡವನ್ನು ನೆಲಕ್ಕೆ ನೆಟ್ಟರೆ ಚಳಿಗೆ ಸಾಯುತ್ತದೆಯೇ?

ನರ್ಸರಿಯಿಂದ ತಂದ ಬೇ ಲೀಫ್ ಸಸಿ ಕುಂಡದಲ್ಲಿದೆ, ಮನೆಯ ಹಿಂದಿನ ಬರೆಯ (ಕಡಿದಾದ ಮಣ್ಣಿನ ದಿಣ್ಣೆಯ) ಬುಡದಲ್ಲಿ ನೆಡಬೇಕೆಂದಿದ್ದೇನೆ, ಚಳಿ ತಡೆದೀತೇ ಎಂದು ಕೇಳಿದ್ದೀರಿ. ಚಳಿಯ ಚಿಂತೆ ಬಿಡಿ. ನೀವು ಹೆದರಬೇಕಾದದ್ದು ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಗೆ.

ಮೊದಲು ಒಂದು ಎಲೆಯನ್ನು ಕಿತ್ತು ನೋಡಿ. ನಡುವೆ ಒಂದೇ ನರ, ಅದರಿಂದ ಎರಡೂ ಬದಿಗೆ ಸಣ್ಣ ನರಗಳು ಕವಲೊಡೆದಿದ್ದರೆ ಅದು ಮೆಡಿಟರೇನಿಯನ್ ಕಡೆಯ ಬೇ ಲಾರೆಲ್. ಬುಡದಿಂದ ತುದಿಯತ್ತ ಮೂರು ನರಗಳು ಜೊತೆಯಾಗಿ ಓಡಿದ್ದರೆ ಅದು ದಾಲ್ಚಿನ್ನಿಯ ಕುಲದ್ದು, ನಾವು ಪಲಾವಿಗೆ ಹಾಕುವ ಎಲೆಯ ಜಾತಿ. ನರ್ಸರಿಯವರು ಎರಡಕ್ಕೂ ಒಂದೇ ಚೀಟಿ ಅಂಟಿಸುತ್ತಾರೆ. ಕೆಲವೊಮ್ಮೆ ಆಲ್‌ಸ್ಪೈಸ್ ಗಿಡಕ್ಕೂ!

ಲಾರೆಲ್ ಆಗಿದ್ದರೆ ಅದು ಸೊನ್ನೆಗಿಂತ ಕೆಳಗಿನ ಚಳಿಯನ್ನೂ ಸ್ವಲ್ಪ ಮಟ್ಟಿಗೆ ತಾಳುತ್ತದೆ, ಮಡಿಕೇರಿಯ ಡಿಸೆಂಬರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದರೆ ಅದರ ಹುಟ್ಟೂರಿನಲ್ಲಿ ಬೇಸಿಗೆ ಒಣ, ಮಳೆ ಬೀಳುವುದು ಚಳಿಗಾಲದಲ್ಲಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಆರುವುದೇ ಇಲ್ಲ. ಮಡಿಕೇರಿಯ ವರ್ಷದ ಮಳೆ 3,000 ಮಿಲಿಮೀಟರ್ ದಾಟುತ್ತದೆ. ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ, ನಾವು ನೀರು ಸಾಲದೆಂದು ಇನ್ನಷ್ಟು ಸುರಿಯುತ್ತೇವೆ. ನಿಮ್ಮ ತೋಟದಲ್ಲಿ ಬೆಣ್ಣೆಹಣ್ಣಿನ ಮರವಿದ್ದರೆ ಈ ಸಂಕಟ ನಿಮಗೆ ಗೊತ್ತೇ ಇರುತ್ತದೆ. ಎರಡೂ ಒಂದೇ ಕುಟುಂಬದವು. ನೀರು ನಿಂತಲ್ಲಿ ಬೆಣ್ಣೆಹಣ್ಣಿನ ಬೇರು ಹೇಗೆ ಕೊಳೆಯುತ್ತದೆಯೋ ಇದರದ್ದೂ ಹಾಗೆಯೇ.

ಹಾಗಾಗಿ ಬರೆಯ ಬುಡ ಬೇಡವೇ ಬೇಡ, ಮೇಲಿನ ನೀರೆಲ್ಲ ಇಳಿದು ನಿಲ್ಲುವುದು ಅಲ್ಲೇ. ಇಳಿಜಾರಿನ ಮೇಲುಭಾಗದಲ್ಲಿ, ಬಿಸಿಲು ಬೀಳುವ ಕಡೆ, ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಮಣ್ಣಿಗೆ ಮರಳು, ಜಲ್ಲಿಪುಡಿ, ಹಳೆಯ ಗೊಬ್ಬರ ಸೇರಿಸಿ. ಕಾಫಿ ಗಿಡವನ್ನು ಮಳೆ ಹಿಡಿಯುವಾಗ ನೆಡುವ ರೂಢಿ ಇಲ್ಲಿಗೆ ಸಲ್ಲದು. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದು ಮಳೆ ಬಿಟ್ಟ ಮೇಲೆ ನೆಟ್ಟರೆ ಮುಂದಿನ ಮುಂಗಾರಿನೊಳಗೆ ಬೇರು ಹಿಡಿಯುತ್ತದೆ. ಸೊಪ್ಪಿನ ಹೊದಿಕೆ ಹಾಕಿ, ಕಾಂಡಕ್ಕೆ ತಾಗಿಸಬೇಡಿ. ನನ್ನನ್ನು ಕೇಳಿದರೆ, ಲಾರೆಲನ್ನು ದೊಡ್ಡ ಕುಂಡದಲ್ಲೇ ಇಟ್ಟು ಮಳೆಗಾಲಕ್ಕೆ ಸೂರಿನಡಿಗೆ ಸರಿಸುವುದು ವಾಸಿ. ಕುಶಾಲನಗರದ ಕಡೆಯಾಗಿದ್ದರೆ ಮಳೆ ಬಹಳ ಕಡಿಮೆ, ಅಲ್ಲಿ ಧೈರ್ಯವಾಗಿ ನೆಲಕ್ಕೆ ಇಳಿಸಬಹುದು.

ಮೂರು ನರದ ಎಲೆಯಾದರೆ ನಿಮ್ಮ ಅದೃಷ್ಟ. ಪಲಾವ್ ಎಲೆಯ ಮರವನ್ನು ಮೇಘಾಲಯದ ಖಾಸಿ ಬೆಟ್ಟಗಳಲ್ಲೇ ಬೆಳೆಯುತ್ತಾರೆ, ನಮ್ಮ ಮಳೆ ಅದಕ್ಕೆ ಹೊಸತಲ್ಲ. ಜೂನ್‌ನಲ್ಲಿ ನೆಡಬಹುದು, ಎಳೆಯದಕ್ಕೆ ತೆಳು ನೆರಳಿದ್ದರೆ ಒಳ್ಳೆಯದು. ನೀರು ನಿಲ್ಲುವ ಜಾಗ ಮಾತ್ರ ಇದಕ್ಕೂ ಆಗದು. ಮಾರಾಟಕ್ಕೆ ಕೊಯ್ಯಲು ಎಂಟು ಹತ್ತು ವರ್ಷ ಕಾಯಬೇಕು, ಮನೆಯ ಅಡುಗೆಗೆ ಗಿಡ ಎದೆಮಟ್ಟ ಬಂದರೆ ಸಾಕು. ತುದಿ ಚಿವುಟುತ್ತಿರಿ, ಇಲ್ಲವಾದರೆ ಏಣಿ ಬೇಕಾದೀತು.

ಕೆಂಪು ಚಿಗುರನ್ನು ಚಿಟ್ಟೆಯ ಹುಳುಗಳು ತಿನ್ನುತ್ತವೆ. ನಾನು ಔಷಧಿ ಹೊಡೆಯುವುದಿಲ್ಲ, ತಿನ್ನುವ ಎಲೆಗೆ ಅದೇಕೆ? ಎಲೆಯಡಿಯಲ್ಲಿ ರಸ ಹೀರುವ ಶಲ್ಕ ಕೀಟ ಕೂತು, ಇರುವೆ ಹತ್ತಿ, ಎಲೆ ಕಪ್ಪಾದರೆ ಮಾತ್ರ ಸೋಪಿನ ನೀರಿನಲ್ಲಿ ಒರೆಸಿ. ಕೊಯ್ಯುವಾಗ ಬಲಿತ ಎಲೆಯನ್ನೇ ಆರಿಸಿ, ಮಳೆ ಇಲ್ಲದ ತಿಂಗಳುಗಳಲ್ಲಿ ಕಿತ್ತು ನೆರಳಿನಲ್ಲಿ ಒಣಗಿಸಿ. ಲಾರೆಲಿನ ಹಸಿ ಎಲೆ ಕಹಿ, ಒಣಗಿದ ಮೇಲೆ ಕಹಿ ತಗ್ಗುತ್ತದೆ.