ಆನೆಗಳ ನಡುವೆ ಒಂದು ಗೌನು

ಪ್ರಶ್ನೆ: ಫ್ಯಾಷನ್ ಫೋಟೊ ಎಂದರೆ ಬಟ್ಟೆ ಮಾರುವ ಜಾಹೀರಾತು. ಅದರಲ್ಲಿ ಕಲೆ ಎಲ್ಲಿಂದ ಬಂತು ಸ್ವಾಮಿ?
– ಓದುಗರೊಬ್ಬರು, ಹಾಸನ

ಉತ್ತರ: ಮಾರುವುದಕ್ಕೇ ತೆಗೆದದ್ದು, ಒಪ್ಪಿದೆ. ಆದರೆ 1955ರಲ್ಲಿ ಪ್ಯಾರಿಸ್ಸಿನ ಸರ್ಕಸ್ಸೊಂದರಲ್ಲಿ ಅಮೆರಿಕದ ಛಾಯಾಗ್ರಾಹಕ ರಿಚರ್ಡ್ ಅವೆಡನ್ ತೆಗೆದ ರೂಪದರ್ಶಿ ಡೊವಿಮಾಳ ಕಪ್ಪುಬಿಳುಪು ಚಿತ್ರವನ್ನು ಒಮ್ಮೆ ನೋಡಿ. ಡಿಯೋರ್ ಎಂಬ ಫ್ರೆಂಚ್ ಉಡುಪು ಸಂಸ್ಥೆಯ ಕಪ್ಪು ಗೌನು, ಸೊಂಟದಿಂದ ಇಳಿಬಿದ್ದ ಬಿಳಿ ಪಟ್ಟಿ. ವಿನ್ಯಾಸ, ಮುಂದೆ ಹೆಸರಾಂತ ವಿನ್ಯಾಸಕನಾದ, ಆಗಿನ್ನೂ ಹದಿಹರೆಯದಲ್ಲಿದ್ದ ಈವ್ ಸಾಂ ಲೊರಾಂನದು. ಆಕೆ ಕೈ ಚಾಚಿ ನಿಂತಿರುವುದು ಆನೆಗಳ ನಡುವೆ. ಸುಕ್ಕುಗಟ್ಟಿದ ಆ ಚರ್ಮದ ಪಕ್ಕದಲ್ಲಿ ಬಟ್ಟೆಯ ನುಣುಪು ಕಣ್ಣಿಗೇ ತಾಗುತ್ತದೆ! ಪತ್ರಿಕೆಯಿಂದ ಕತ್ತರಿಸಿದ ಆ ಹಾಳೆ ವರ್ಷಗಳಿಂದ ನನ್ನ ಮೇಜಿನ ಗಾಜಿನಡಿ ಇದೆ. ಮೊದಮೊದಲು ಗೌನನ್ನಷ್ಟೇ ನೋಡುತ್ತಿದ್ದೆ. ಆನೆಯ ಕಾಲಿನ ಸರಪಳಿ ಕಣ್ಣಿಗೆ ಬಿದ್ದದ್ದು ಎಷ್ಟೋ ಕಾಲದ ಮೇಲೆ. ಅಂದಿನಿಂದ ಗೌನಿನತ್ತ ನೋಟ ಹೋಗುವುದೇ ಕಡಿಮೆ.